ನೀರು ತಿಳಿಯಾದ ಮೇಲೂ ವಿಷಪರೀಕ್ಷೆ ಬೇಕೇ?

ಪ್ರಶ್ನೆ: ಟೈಟಾನಿಯಂ ಡೈಆಕ್ಸೈಡ್ (ಬೆಳಕು ಬಿದ್ದಾಗ ಅಣುಗಳನ್ನು ಒಡೆಯುವ ವೇಗವರ್ಧಕ) ಹಾಕಿ ಯುವಿ ಬೆಳಕಿಗೆ ಇಟ್ಟ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ನೀರು ಪೂರ್ತಿ ತಿಳಿಯಾಗಿದೆ. ಶೇ. 98 ವಿಘಟನೆ ಬಂದಿದೆ. ಇನ್ನೂ ವಿಷಪರೀಕ್ಷೆ ಯಾಕೆ?

ಪ್ರಾಜೆಕ್ಟ್ ವರದಿ ಬರೆಯುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬಣ್ಣ ಹೋದರೆ ವಿಷವೂ ಹೋಯಿತು ಎಂಬ ನಂಬಿಕೆ ಮಾತ್ರ ಅಲ್ಲಾಡುವುದಿಲ್ಲ. ನಿಮ್ಮ ಶೇ. 98 ಹೇಳುವುದಿಷ್ಟೇ: 664 ನ್ಯಾನೋಮೀಟರ್ ಬೆಳಕನ್ನು ಹೀರುತ್ತಿದ್ದ ರಚನೆ ಕೆಟ್ಟಿದೆ. ಮಿಕ್ಕ ಅಣು ಏನಾಯಿತೆಂದು ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿಗೆ ಗೊತ್ತಿಲ್ಲ. ಲೆಕ್ಕ ಹಾಕಿ. ಲೀಟರಿಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಇದ್ದರೆ (ಸ್ಫಟಿಕದ ನೀರು ಕಳೆದು) ಅದರಲ್ಲಿ ಇಂಗಾಲ ಸುಮಾರು 6 ಮಿಲಿಗ್ರಾಂ. ತಿಳಿಯಾದ ನೀರಿನ ಟಿಒಸಿ (ಒಟ್ಟು ಸಾವಯವ ಇಂಗಾಲ) ಲೀಟರಿಗೆ 4 ಮಿಲಿಗ್ರಾಂ ಬಂದರೆ ಮೂರರಲ್ಲಿ ಎರಡು ಪಾಲು ಇಂಗಾಲ ಬೇರೆ ಸಂಯುಕ್ತಗಳಾಗಿ ನೀರಲ್ಲೇ ಉಳಿದಿದೆ. ಕೆಲವೊಮ್ಮೆ ಅಣು ಒಡೆದೇ ಇರುವುದಿಲ್ಲ. ಆಮ್ಲಜನಕ ಸಾಲದಿದ್ದಾಗ ಮೆಥಿಲೀನ್ ಬ್ಲೂ ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ತಿರುಗುತ್ತದೆ. ಬಾಟಲಿ ತೆರೆದು ಚೆನ್ನಾಗಿ ಕುಲುಕಿ ನೋಡಿ, ನೀಲಿ ಮರಳಿದರೆ ನೀವು ಅಳೆದದ್ದು ವಿಘಟನೆಯಲ್ಲ. ಇನ್ನು ಬಣ್ಣವೇ ಇಲ್ಲದ ಟ್ರೈಕ್ಲೋಸಾನ್ ಎಂಬ ರೋಗಾಣುನಾಶಕ ಬೆಳಕಿಗೆ ಒಡೆದಾಗ ಅದರ ಒಂದು ಪಾಲು 2,8-ಡೈಕ್ಲೋರೋಡೈಬೆಂಜೋ ಡಯಾಕ್ಸಿನ್ ಆಗುತ್ತದೆ. ಟ್ರೈಕ್ಲೋಸಾನ್ ಇಳಿಯುವ ಗ್ರಾಫನ್ನೇ ಎಷ್ಟು ಹೊತ್ತು ನೋಡಿದರೂ ಅದು ಕಾಣದು.

ಪರೀಕ್ಷೆಗೆ ಮೊದಲ ಮತ್ತು ಕೊನೆಯ ಮಾದರಿ ಸಾಲದು. ಮಧ್ಯಂತರ ಸಂಯುಕ್ತಗಳು ನಡುವೆ ಹೆಚ್ಚಿ ಆಮೇಲೆ ಇಳಿಯಬಹುದು. 0, 30, 60, 120, 240 ನಿಮಿಷಕ್ಕೆ ತೆಗೆಯಿರಿ. ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಪಿಎಚ್ 7ರ ಆಸುಪಾಸಿಗೆ ತನ್ನಿ. ಹೈಡ್ರೋಜನ್ ಪೆರಾಕ್ಸೈಡ್ ಉಳಿದಿದ್ದರೆ ಅದೇ ಜೀವಿಗಳನ್ನು ಕೊಲ್ಲುತ್ತದೆ, ದೂರು ಮಾತ್ರ ಉಪೋತ್ಪನ್ನದ ತಲೆಗೆ. ಕ್ಯಾಟಲೇಸ್ ಎಂಬ ಕಿಣ್ವ ಹಾಕಿ ಅದನ್ನು ತೆಗೆಯಿರಿ. ಆದರೆ ಟಿಒಸಿ ಮಾದರಿಯನ್ನು ಮೊದಲೇ ಎತ್ತಿಡಿ, ಕ್ಯಾಟಲೇಸ್ ಕೂಡ ಇಂಗಾಲವೇ.

ಪರೀಕ್ಷೆಯ ಜೀವಿ ಡಾಫ್ನಿಯಾ (ನೀರಿನಲ್ಲಿ ಬದುಕುವ ಪುಟ್ಟ ಪ್ರಾಣಿ) ಆದರೆ ಪ್ರತಿ ಸಾಂದ್ರತೆಗೆ 20 ಮರಿಗಳು, ಐದೈದರಂತೆ ನಾಲ್ಕು ಬೀಕರ್, 48 ಗಂಟೆ. ಕಂಟ್ರೋಲ್‌ನಲ್ಲಿ (ಮಾದರಿ ಬೆರೆಸದ ಹೋಲಿಕೆಯ ಬೀಕರ್) ಶೇ. 10ಕ್ಕಿಂತ ಹೆಚ್ಚು ಮರಿಗಳು ಚಲನೆ ನಿಲ್ಲಿಸಿದರೆ ಇಡೀ ಪರೀಕ್ಷೆ ರದ್ದು. ಬೆಳಗುವ ಬ್ಯಾಕ್ಟೀರಿಯಾ (ವಿಷ ತಾಗಿದರೆ ಇದರ ಬೆಳಕು ಕುಗ್ಗುತ್ತದೆ) ಆದರೆ ಶೇ. 2 ಉಪ್ಪು, 15 ಡಿಗ್ರಿ, 30 ನಿಮಿಷ. ಅಲ್ಲೊಂದು ಮೋಸವಿದೆ: ಶೂನ್ಯ ನಿಮಿಷದ ನೀಲಿ ಮಾದರಿ ಬ್ಯಾಕ್ಟೀರಿಯಾದ ಬೆಳಕನ್ನೇ ನುಂಗಿ ವಿಷದಂತೆ ತೋರಬಹುದು. ಬಣ್ಣ ಹೋದಂತೆ ‘ವಿಷ’ವೂ ಇಳಿಯುತ್ತದೆ, ಹಳೆಯ ನಂಬಿಕೆಗೆ ಹೊಸ ಗ್ರಾಫ್ ಸಿಗುತ್ತದೆ! ಬಣ್ಣದ ತಿದ್ದುಪಡಿ ಮಾಡದೆ ಅಂಕಿ ಬರೆಯಬೇಡಿ. ಮೆಥಿಲೀನ್ ಬ್ಲೂ ಬೆರೆಸದ ನೀರಿಗೆ ಟೈಟಾನಿಯಂ ಡೈಆಕ್ಸೈಡ್ ಹಾಕಿ, ಬೆಳಕಿಗಿಟ್ಟು, ಅದೇ ರೀತಿ ಸೋಸಿ ಕ್ಯಾಟಲೇಸ್ ಹಾಕಿದ ಕಂಟ್ರೋಲ್ ಕೂಡ ಇರಲಿ. ಅದರಲ್ಲೂ ಡಾಫ್ನಿಯಾ ಸತ್ತರೆ ತಪ್ಪು ನಿಮ್ಮ ಸೋಸುವಿಕೆಯಲ್ಲೋ ಕ್ಯಾಟಲೇಸ್‌ನಲ್ಲೋ ಹುಡುಕಿ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಇದೇ ತಂತ್ರದ ಏರ್ ಪ್ಯೂರಿಫೈಯರ್‌ಗಳಿಗೂ ಈ ಮಾತು ಸಲ್ಲುತ್ತದೆ. ಸ್ಯಾನಿಟೈಸರಿನ ಎಥನಾಲ್ ಅರೆಬರೆ ಒಡೆದರೆ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ವಾಸನೆ ಹೋಯಿತೇ ಎಂದು ಮೂಗಿನಿಂದ ನೋಡಿದರೆ ಸಾಲದು. ಆಲ್ಡಿಹೈಡ್‌ಗಳನ್ನು ಹಿಡಿದಿಡುವ ಡಿಎನ್‌ಪಿಎಚ್ ಕಾರ್ಟ್ರಿಡ್ಜ್ ಮೂಲಕ ಗಾಳಿ ಎಳೆದು ಎಚ್‌ಪಿಎಲ್‌ಸಿಯಲ್ಲಿ (ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯಬೇಕು. ಯಂತ್ರ ಓಝೋನ್ ಬಿಡುವಂಥದ್ದಾದರೆ ಕಾರ್ಟ್ರಿಡ್ಜ್‌ಗೆ ಮುಂಚೆ ಓಝೋನ್ ತೆಗೆಯುವ ಪೊಟ್ಯಾಸಿಯಂ ಅಯೊಡೈಡ್ ಸ್ಕ್ರಬ್ಬರ್ ಸೇರಿಸಿ. ಇಲ್ಲದಿದ್ದರೆ ಫಾರ್ಮಾಲ್ಡಿಹೈಡ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ.