ಕೋಟೆಯ ಒಳಗೋ, ಹೊರಗೋ?

ಚಿತ್ರದುರ್ಗದ ಕೋಟೆಯಲ್ಲಿ ಎಷ್ಟು ಸೈನಿಕರಿದ್ದಾರೆ ಎಂಬ ಅಂದಾಜು ಹೈದರಾಲಿಯ ಕಡೆಯವರಿಗೆ ಇದ್ದಿರಬಹುದು. ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ಒಬ್ಬಾಕೆ ನಿಂತಾಳು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಓಬವ್ವನ ಕಥೆಯ ಜೀವ ಇರುವುದೇ ಆ ಜಾಗದಲ್ಲಿ. ಅದೇ ಹೆಂಗಸು, ಅದೇ ಒನಕೆ, ನಾಲ್ಕು ಮಾರು ಆಚೆ ನಿಂತಿದ್ದರೆ ಇವತ್ತು ಯಾರೂ ನೆನೆಯುತ್ತಿರಲಿಲ್ಲ.

ಕ್ಯಾನ್ಸರ್ ಗಡ್ಡೆಯೊಳಗಿನ ಯುದ್ಧವೂ ಹೀಗೇ. ಬಾಯಿಂದ ತೆಗೆದ ಅಡಿಕೆ ಹೋಳಿನಷ್ಟು ಮಾಂಸವನ್ನು ಅರೆದು ಆರ್‌ಎನ್‌ಎ ಅಳೆದರೆ, ಟಿ-ಕೋಶಗಳು, ಅಂದರೆ ಕ್ಯಾನ್ಸರಿನ ಮೇಲೆ ಬೀಳುವ ದೇಹದ ಸೈನಿಕರು, ಧಾರಾಳವಾಗಿವೆ ಎಂದು ಉತ್ತರ ಬರಬಹುದು. ಅವು ಕ್ಯಾನ್ಸರ್ ಕೋಶಗಳ ನಡುವೆ ನುಗ್ಗಿವೆಯೋ, ಸುತ್ತಲಿನ ನಾರಿನ ಗೋಡೆಗೆ ಒರಗಿ ನಿಂತಿವೆಯೋ? ಎಣಿಕೆ ಎರಡರಲ್ಲೂ ಒಂದೇ. ಈ ಸೈನಿಕರನ್ನೇ ಎಬ್ಬಿಸಿ ಕಾದಾಡಿಸುವ ಇಮ್ಯುನೋಥೆರಪಿ ಕೈಹಿಡಿಯುವ ಸಾಧ್ಯತೆ ಒಂದೇ ಅಲ್ಲ. ಅರೆಯದೆ, ಇದ್ದದ್ದನ್ನು ಇದ್ದಲ್ಲೇ ನೋಡುವ ವಿದ್ಯೆಯೇ ಸ್ಪೇಶಿಯಲ್ ಬಯಾಲಜಿ.

ಒಂದೊಂದು ಗುರುತಿಗಷ್ಟೇ ಹೋಗಿ ಅಂಟುವ ಪ್ರೋಟೀನಾದ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸುವ ಉಪಾಯವನ್ನು 1941ರಲ್ಲೇ ಆಲ್ಬರ್ಟ್ ಕೂನ್ಸ್ ತೋರಿಸಿದ್ದರು. ತೊಡಕೆಂದರೆ, ನಾಲ್ಕೈದು ಬಣ್ಣ ದಾಟಿದರೆ ಒಂದರ ಬೆಳಕು ಇನ್ನೊಂದರೊಳಗೆ ಸೋರುತ್ತದೆ. ಕೋಡೆಕ್ಸ್ ಎಂಬ ವಿಧಾನ ಇದನ್ನು ದಾಟಿದ ಬಗೆ ಸೊಗಸಾಗಿದೆ. ಮೇಣದಲ್ಲಿ ಹುದುಗಿಸಿದ ಮಾಂಸದಿಂದ ನಾಲ್ಕೈದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ ಸೀಳನ್ನು ತೆಗೆದು ಗಾಜಿಗೆ ಹತ್ತಿಸಿ, ಮೇಣ ಕಳೆದು, ಸಿಟ್ರೇಟ್ ದ್ರಾವಣದಲ್ಲಿ ಸುಮಾರು 95 ಡಿಗ್ರಿಗೆ 20 ನಿಮಿಷ ಕಾಯಿಸಿ ಮಾಂಸ ಕೊಳೆಯದಂತೆ ಮೊದಲೇ ಮುಳುಗಿಸಿದ್ದ ಫಾರ್ಮಲಿನ್ ಪ್ರೋಟೀನುಗಳ ನಡುವೆ ಹಾಕಿದ ಗಂಟುಗಳನ್ನು ಸಡಿಲಿಸುತ್ತಾರೆ. ಬಳಿಕ 40 ಬಗೆಯ ಪ್ರತಿಕಾಯಗಳನ್ನು ಒಟ್ಟಿಗೇ ಸುರಿಯುತ್ತಾರೆ. ಪ್ರತಿಯೊಂದಕ್ಕೂ ಬಣ್ಣವಿಲ್ಲದ ಡಿಎನ್‌ಎ ಬಾಲ. ದುಗ್ಗಮ್ಮನ ಜಾತ್ರೆಯ ಜಂಗುಳಿಯಲ್ಲಿ ಮೈಕಿನವನು ಮೂರು ಊರುಗಳ ಹೆಸರು ಕೂಗಿದಾಗ ಆ ಊರಿನವರಷ್ಟೇ ಮೊಬೈಲ್ ಟಾರ್ಚ್ ಎತ್ತಿದರೆ ಹೇಗೋ ಹಾಗೆ: ಮೂರು ಬಾಲಗಳಿಗೆ ಜೋಡಿಯಾಗುವ, ಬಣ್ಣ ಹೊತ್ತ ಡಿಎನ್‌ಎ ಎಳೆಗಳನ್ನು ಬಿಟ್ಟು ಫೋಟೋ ತೆಗೆದು, ತೊಳೆದು, ಮುಂದಿನ ಮೂರನ್ನು ಕರೆಯುತ್ತಾರೆ. 40ಕ್ಕೆ 14 ಸುತ್ತು.

ಕೆಡುವುದೂ ಇಲ್ಲೇ. ಪ್ರತಿ ಸುತ್ತಲ್ಲೂ ಕೋಶಕೇಂದ್ರದ ಬಣ್ಣವನ್ನು ಗುರುತುಗಲ್ಲಾಗಿಟ್ಟು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬೇಕು. ಹತ್ತು ಮೈಕ್ರಾನ್ ಜಾರಿದರೆ ಒಂದು ಕೋಶದ ಗುರುತು ಪಕ್ಕದ್ದರ ಮೇಲೆ ಬೀಳುತ್ತದೆ. ಟಿ-ಕೋಶವೂ, ದೇಹದ ರಕ್ಷಣೆಯ ಇನ್ನೊಂದು ಬಗೆಯಾದ ಬಿ-ಕೋಶವೂ ಆದ ವಿಚಿತ್ರ ಪ್ರಾಣಿ ಹುಟ್ಟುತ್ತದೆ. ಹೊಸ ಕೋಶ ಸಿಕ್ಕಿತೆಂದು ಕುಣಿಯುವ ಮೊದಲು ಇದನ್ನು ನೋಡಬೇಕು. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದವರ ಮಾದರಿಯಲ್ಲಿ ಇನ್ನೊಂದು ಕಾಟ: ಕೂಡಿಕೊಂಡ ಕೊಲಾಜೆನ್ ಎಂಬ ನಾರು ತಾನಾಗಿಯೇ ಹೊಳೆಯುತ್ತದೆ, ಕೆಂಪು ರಕ್ತಕಣವೂ ಅಷ್ಟೇ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿಟ್ಟು ಪ್ರಖರ ಬೆಳಕು ಹಾಯಿಸಿ ಅದನ್ನು ಮಂಕಾಗಿಸುತ್ತಾರೆ. ಬಣ್ಣವಿಲ್ಲದ ಖಾಲಿ ಸುತ್ತಿನ ಫೋಟೋ ತೆಗೆದು ಉಳಿದದ್ದನ್ನು ಕಳೆಯುತ್ತಾರೆ.

ಯಂತ್ರ ಎಷ್ಟೇ ದುಬಾರಿಯಾಗಿರಲಿ, ಅರ್ಧ ಕೆಲಸ ಫಾರ್ಮಲಿನ್ ಡಬ್ಬಿಯಲ್ಲೇ ಮುಗಿದಿರುತ್ತದೆ. ಮಾಂಸದ ಹತ್ತು ಪಟ್ಟು ಫಾರ್ಮಲಿನ್ ಬೇಕು. ಅದು ಒಳಗಿಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ದೊಡ್ಡ ಗಡ್ಡೆಯನ್ನು ಸೀಳದೆ ಮುಳುಗಿಸಿದರೆ ಹೊರಗೆ ಗಟ್ಟಿ, ಒಳಗೆ ಕೊಳೆತ.

‘ಬಯಾಪ್ಸಿ ಮಾಡಿಸಿದ್ರೆ ಗಡ್ಡೆ ಕೆರಳುತ್ತೆ’ ಎಂಬ ಮಾತು ಚನ್ನಗಿರಿಯಿಂದ ಚಳ್ಳಕೆರೆವರೆಗೆ ಕೇಳಿಸುತ್ತದೆ. ಬಾಯಿಹುಣ್ಣನ್ನು ಕೆರಳಿಸುವುದು ಚೂರು ತೆಗೆಸಿದ್ದಲ್ಲ, ತೆಗೆಸದೆ ಕಳೆದ ಆರು ತಿಂಗಳು. ದಾವಣಗೆರೆಯಲ್ಲಿ ಚೂರು ಕೊಟ್ಟರೆ ಸಾಮಾನ್ಯವಾಗಿ ಸಿಗುವುದು ಗುಲಾಬಿ-ನೇರಳೆ ಬಣ್ಣ ಹಾಕಿ ನೋಡಿದ ಹಳೆಯ ಬಗೆಯ ವರದಿಯೇ. ಚಿಕಿತ್ಸೆ ಶುರುಮಾಡಲು ಅದು ಸಾಕು. ಮೇಣದ ಬ್ಲಾಕ್ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ, ಮತ್ತೆ ಸೀಳಬಹುದು. ಬೇರೆ ಆಸ್ಪತ್ರೆಗೆ ಒಯ್ಯುವಾಗ ಅದನ್ನು ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಆ ಮೇಣ 60 ಡಿಗ್ರಿಯೊಳಗೇ ಕರಗುತ್ತದೆ.