ಸೂಲಗಿತ್ತಿಯ ಹೆಸರಿದ್ದ ಸಾಲುಗಳು

ಹೊಸದಾಗಿ ಸಂಶೋಧನೆಗೆ ಸೇರಿದವರಿಗೆ ಮೊದಲ ವಾರ ನಾನು ಪುಸ್ತಕ ಕೊಡುವುದಿಲ್ಲ. ದೀಕ್ಷಾಸ್ನಾನದ, ಅಂದರೆ ನೀರು ಸುರಿದು ಮಗುವನ್ನು ಕ್ರೈಸ್ತ ಸಮುದಾಯಕ್ಕೆ ಸೇರಿಸಿಕೊಳ್ಳುವ ವಿಧಿಯ, ಹಳೆಯ ರಿಜಿಸ್ಟರಿನ ಒಂದು ಪುಟದ ನಕಲು ಕೊಡುತ್ತೇನೆ. ತಾರೀಕು, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಮಗುವಿನ ಪರವಾಗಿ ಆ ವಿಧಿಯಲ್ಲಿ ನಿಲ್ಲುವ ಜ್ಞಾನ ತಂದೆ ತಾಯಿಯ ಹೆಸರು, ಪಾದ್ರಿಯ ಹೆಸರು. ಎಲ್ಲವೂ ಲ್ಯಾಟಿನ್‌ನಲ್ಲಿ, ಅವಸರದ ಕೈಬರಹದಲ್ಲಿ.

ಇದು ನನಗೆ ಅಭ್ಯಾಸವಾಗಿದ್ದು ಒಬ್ಬ ವಿದ್ಯಾರ್ಥಿನಿಯಿಂದ. ಜನಸಂಖ್ಯೆಯ ಇತಿಹಾಸ ಓದುತ್ತಿದ್ದ ಆಕೆ ಇಂಥ ನೂರಾರು ಪುಟಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಬಂದಿದ್ದಳು. ಅಲ್ಲಲ್ಲಿ ಪಾದ್ರಿಯ ಹೆಸರಿರಬೇಕಾದ ಜಾಗದಲ್ಲಿ ಸೂಲಗಿತ್ತಿಯ ಹೆಸರಿತ್ತು. ಬರೆದವರು ತಪ್ಪು ಮಾಡಿದ್ದಾರೆ ಅಂದುಕೊಂಡು ಆ ಸಾಲುಗಳನ್ನೆಲ್ಲ ಬದಿಗಿಟ್ಟಿದ್ದಳು. ಅದು ತಪ್ಪಾಗಿರಲಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದರೂ ನೀರು ಸುರಿದು ದೀಕ್ಷಾಸ್ನಾನ ಕೊಡಬಹುದು ಎನ್ನುವುದು ಕ್ಯಾಥೋಲಿಕ್ ನಿಯಮ. ಪಾದ್ರಿ ಬರುವ ತನಕ ಮಗು ಉಳಿಯುವುದಿಲ್ಲ ಅನ್ನಿಸಿದರೆ ಸೂಲಗಿತ್ತಿಯೇ ಕೊಟ್ಟುಬಿಡುತ್ತಿದ್ದಳು. ಅಂದರೆ ಬದಿಗೆ ಹೋದ ಸಾಲುಗಳು ಸಾವಿನ ಅಂಚಿನಲ್ಲಿ ಹುಟ್ಟಿದ ಮಕ್ಕಳವು. ಆಕೆ ಹುಡುಕುತ್ತಿದ್ದದ್ದೂ ಶಿಶು ಮರಣದ ಲೆಕ್ಕವನ್ನೇ.

ವಿಶ್ವವಿದ್ಯಾಲಯದಲ್ಲಿ ಕ್ಯಾಥೋಲಿಕ್ ಅಧ್ಯಯನ ಯಾಕೆ ಬೇಕು ಎಂದು ಕೇಳಿದವರಿಗೆ ನಾನು ಈ ಸಾಲುಗಳನ್ನು ತೋರಿಸುತ್ತೇನೆ.

ಇಂಥ ರಿಜಿಸ್ಟರುಗಳು ಜಗತ್ತಿನ ತುಂಬ ಇರುವುದಕ್ಕೆ ಕಾರಣ ಇದೆ. 1545ರಲ್ಲಿ ಶುರುವಾದ, ಕ್ಯಾಥೋಲಿಕ್ ಬಿಷಪರ ಟ್ರೆಂಟ್ ಮಹಾಸಭೆ 1563ರಲ್ಲಿ ಮುಗಿಯುವ ಹೊತ್ತಿಗೆ, ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಪ್ರತಿ ಧರ್ಮಕೇಂದ್ರವೂ (ಒಬ್ಬ ಪಾದ್ರಿಯ ಉಸ್ತುವಾರಿಯ ಸ್ಥಳೀಯ ಚರ್ಚ್) ಬರೆದಿಡಬೇಕು ಎಂದು ಹೇಳಿತು. 1614ರ ವಿಧಿಗ್ರಂಥ ಸಾವಿನ ಪುಸ್ತಕವನ್ನೂ ಸೇರಿಸಿತು. ಬರೆಸಿದವರ ಮನಸ್ಸಿನಲ್ಲಿ ಜನಗಣತಿ ಇರಲಿಲ್ಲ. ಗುಟ್ಟಾಗಿ ನಡೆಯುವ ಮದುವೆಗಳನ್ನು ತಡೆಯಬೇಕಿತ್ತು, ಯಾರು ಯಾರಿಗೆ ಸಂಬಂಧಿ ಎಂದು ಗೊತ್ತಿರಬೇಕಿತ್ತು. ಸುಮಾರು 400 ವರ್ಷ ಕಳೆದ ಮೇಲೆ, 1950ರ ದಶಕದಲ್ಲಿ, ಲೂಯಿ ಆನ್ರಿ ಎಂಬ ಫ್ರೆಂಚ್ ಜನಸಂಖ್ಯಾ ತಜ್ಞ ಇವೇ ಪುಸ್ತಕಗಳಿಂದ ಒಂದೊಂದು ಕುಟುಂಬವನ್ನು ಮತ್ತೆ ಜೋಡಿಸುವ ವಿಧಾನ ರೂಪಿಸಿದರು. ಪುಸ್ತಕ ಒಂದು ಉದ್ದೇಶಕ್ಕೆ ಹುಟ್ಟಿತ್ತು, ಓದಿದ್ದು ಇನ್ನೊಂದಕ್ಕೆ. ಮೊದಲಿನ ಉದ್ದೇಶ ಗೊತ್ತಿಲ್ಲದೆ ಸುಮ್ನೆ ಲೆಕ್ಕ ಹಾಕಿದರೆ ಲೆಕ್ಕವೇ ದಾರಿ ತಪ್ಪುತ್ತದೆ. ಅಲ್ಲಿರುವ ತಾರೀಕು ಹುಟ್ಟಿದ್ದಲ್ಲ, ದೀಕ್ಷಾಸ್ನಾನದ್ದು. ಸತ್ತೇ ಹುಟ್ಟಿದ ಮಗು ಆ ಪುಸ್ತಕಕ್ಕೆ ಬರುವುದೇ ಇಲ್ಲ.

ಕ್ಯಾಥೋಲಿಕ್ ಅಧ್ಯಯನ ಅಂದರೆ ದೈವಶಾಸ್ತ್ರವೇ ಅಲ್ವಾ ಎಂದು ಜಾಸ್ತಿ ಜನ ಕೇಳುತ್ತಾರೆ. ಅಲ್ಲ. ದೈವಶಾಸ್ತ್ರಜ್ಞರು ನಂಬಿಕೆಯ ಒಳಗೆ ನಿಂತು ನಂಬಿಕೆಯನ್ನು ಅರ್ಥ ಮಾಡಿಕೊಳ್ಳುತ್ತಾರೆ. ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, 1983ರ ಕಾನೂನಿನ 812ನೇ ವಿಧಿಯ ಪ್ರಕಾರ, ಉನ್ನತ ಶಿಕ್ಷಣದಲ್ಲಿ ದೈವಶಾಸ್ತ್ರ ಕಲಿಸುವವರಿಗೆ ಧರ್ಮಾಧಿಕಾರಿಗಳ ಒಪ್ಪಿಗೆಯೂ ಬೇಕು. ನಮ್ಮ ಕೆಲಸ ಬೇರೆ. ಎರಡು ಸಾವಿರ ವರ್ಷಗಳಿಂದ ಒಂದು ಸಮುದಾಯ ಏನು ಬರೆಯಿತು, ಕಟ್ಟಿತು, ಹಾಡಿತು, ಯಾರನ್ನು ಸೇರಿಸಿಕೊಂಡಿತು, ಯಾರನ್ನು ದೂರ ಇಟ್ಟಿತು ಎಂದು ಇತಿಹಾಸ, ಕಾನೂನು, ಕಲೆ, ಸಮಾಜಶಾಸ್ತ್ರ ಎಲ್ಲವನ್ನೂ ಬಳಸಿ ಓದುವುದು. ಈ ಕೆಲಸ ಮಾಡಲು ಕ್ಯಾಥೋಲಿಕರಾಗಿರಬೇಕಿಲ್ಲ. ಆದರೆ ಒಳಗಿನ ಭಾಷೆ ಕಲಿಯಲೇಬೇಕು.

ಕಲಿಯದಿದ್ದರೆ ಸುಲಭದ ಕಥೆಗಳು ಉಳಿದುಬಿಡುತ್ತವೆ. ವಿಜ್ಞಾನಕ್ಕೂ ಧರ್ಮಸಭೆಗೂ ಯಾವಾಗಲೂ ಜಗಳ ಎನ್ನುವುದು ಒಂದು. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಪಾದ್ರಿಯೇ ಆಗಿದ್ದರು. ಎರಡೂ ಹೇಳುವುದು ಒಂದೇ ಎನ್ನುವುದು ಇನ್ನೊಂದು ಸುಲಭದ ಕಥೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಇಂಥ ಸಿದ್ಧಾಂತವನ್ನು ದೇವರ ಸೃಷ್ಟಿಯ ಜೊತೆ ಜೋಡಿಸಿ ಮಾತನಾಡಿದರು. ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗೇ ಇದೆ ಎಂಬುದು ಅವರ ನಿಲುವಾಗಿತ್ತು. ಈ ಎಳೆಯನ್ನು ಬಿಡಿಸಬೇಕಾದರೆ ಭೌತಶಾಸ್ತ್ರದವರೂ ನಾವೂ ಒಂದೇ ಮೇಜಿಗೆ ಕೂರಬೇಕು.

ಇನ್ನು ಕಷ್ಟದ ಮಾತು. ಧರ್ಮಸಭೆಯ ಒಳಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಕೆಲಸ ಮಾಡದ ಕ್ಯಾಥೋಲಿಕ್ ಅಧ್ಯಯನವನ್ನು ನಾನು ಸಂಶೋಧನೆ ಎಂದು ಕರೆಯುವುದಿಲ್ಲ. 2004ರಲ್ಲಿ ಅಮೆರಿಕದ ಜಾನ್ ಜೇ ಕಾಲೇಜಿನ ವರದಿ 1950ರಿಂದ 2002ರವರೆಗೆ ಆರೋಪ ಹೊತ್ತ 4,392 ಪಾದ್ರಿಗಳನ್ನು ಲೆಕ್ಕ ಹಾಕಿತು. 2021ರಲ್ಲಿ ಫ್ರಾನ್ಸಿನ ಸ್ವತಂತ್ರ ಆಯೋಗ, 1950ರಿಂದ 2020ರವರೆಗೆ ಪಾದ್ರಿಗಳು ಮತ್ತು ಸನ್ಯಾಸಿಗಳಿಂದ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಸುಮಾರು 2,16,000 ಎಂದು ಅಂದಾಜಿಸಿತು. ಆ ಕೆಲಸಕ್ಕೆ ಸಮೀಕ್ಷೆ ಬಲ್ಲವರೂ ಬೇಕಿತ್ತು, ದಾಖಲೆ ಓದಬಲ್ಲ ಇತಿಹಾಸಕಾರರೂ ಬೇಕಿತ್ತು. ಒಬ್ಬ ಪಾದ್ರಿಯನ್ನು 'ಆರೋಗ್ಯದ ಕಾರಣಕ್ಕೆ' ಬೇರೆ ಊರಿಗೆ ಕಳಿಸಲಾಗಿದೆ ಎಂದು ಒಂದು ಪತ್ರದಲ್ಲಿದ್ದರೆ ಅದು ನಿಜವಾಗಿ ಕಾಯಿಲೆಯೋ, ಮುಚ್ಚಿಟ್ಟ ಮಾತೋ? ಅದು ಗೊತ್ತಾಗುವುದು ಅಂಥ ನೂರಾರು ಪತ್ರ ಓದಿದವರಿಗೆ.

ಅದಕ್ಕೇ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ವಿಶ್ವವಿದ್ಯಾಲಯದ ಇಂಥ ಅಧ್ಯಯನ ಪೀಠಗಳಿಗೆ ಎಷ್ಟೋ ಸಲ ದಾನಿಗಳೇ ಹಣ ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಯಾರನ್ನು ನೇಮಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಏನು ಪ್ರಕಟಿಸಬೇಕು ಎನ್ನುವುದು ವಿಶ್ವವಿದ್ಯಾಲಯದ ಕೈಯಲ್ಲೇ ಇರಬೇಕು. ಒಪ್ಪಂದದಲ್ಲಿ ಅದನ್ನು ಬಿಡಿಸಿ ಬರೆದಿರಬೇಕು. ದಾಖಲೆಗಳ ವಿಷಯದಲ್ಲಿ ತಾಳ್ಮೆಯೂ ಬೇಕು. ಹನ್ನೆರಡನೆಯ ಪಿಯೂಸ್ ಕಾಲದ ಕಡತಗಳನ್ನು ವ್ಯಾಟಿಕನ್ 2020ರ ಮಾರ್ಚ್ 2ರಂದು ತೆರೆಯಿತು. ವರ್ಷಗಟ್ಟಲೆ ಕಾದಿದ್ದವರು ಓಡಿ ಹೋದರು. ಕೋವಿಡ್ ಬಂದು ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚಿ, ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ವಿದ್ಯಾರ್ಥಿನಿ ಬದಿಗಿಟ್ಟ ಸಾಲುಗಳನ್ನೆಲ್ಲ ವಾಪಸ್ ತಂದು ಮತ್ತೆ ಓದಿದಳು. ಈ ಸಲ ಪುಟದ ಅಂಚನ್ನೂ ನೋಡಿದಳು. 1907ರ ಒಂದು ಆದೇಶದ ನಂತರ, ದೊಡ್ಡವರಾದ ಮೇಲೆ ಮದುವೆಯಾದರೆ ಅದನ್ನು ದೀಕ್ಷಾಸ್ನಾನದ ಸಾಲಿನ ಪಕ್ಕದಲ್ಲೇ ಬರೆಯುವ ಪದ್ಧತಿ ಇದೆ. ಒಂದು ದಿನ ಅವಳು ನನ್ನ ಕೋಣೆಗೆ ಬಂದು ಒಂದು ಪುಟ ಮುಂದಿಟ್ಟು, ಅಂಚಿನ ಮೇಲೆ ಬೆರಳಿಟ್ಟಳು. ಸೂಲಗಿತ್ತಿ ಅವಸರದಲ್ಲಿ ನೀರು ಸುರಿದಿದ್ದ ಹೆಣ್ಣು ಮಗು. ಪಕ್ಕದಲ್ಲಿ ಬೇರೆ ಶಾಯಿ, ಬೇರೆ ಕೈಬರಹ. ಇಪ್ಪತ್ತೆರಡು ವರ್ಷದ ನಂತರದ ಒಂದು ತಾರೀಕು, ಗಂಡನ ಹೆಸರು.