ಮೂರು ದೇಶಗಳ ಕಾವಲಿಗೆ ನಿಂತ ಆ್ಯಥರ್ಟನ್

ಆ್ಯಥರ್ಟನ್ ದೊಡ್ಡ ಯುದ್ಧನೌಕೆಯೇನಲ್ಲ. ಉದ್ದ ಸುಮಾರು 93 ಮೀಟರ್, ವೇಗ ಗಂಟೆಗೆ 39 ಕಿಲೋಮೀಟರ್ ಆಸುಪಾಸು. ಸರಕು ಹಡಗುಗಳ ಜೊತೆಗೇ ಸಾಗಿ, ಅವುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳಿಂದ ಕಾಯುವುದು ಅದರ ಕೆಲಸ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಇಂಥ ಬೆಂಗಾವಲು ಹಡಗುಗಳನ್ನು ಅವಸರದಲ್ಲಿ, ನೂರಾರು ಸಂಖ್ಯೆಯಲ್ಲಿ ಕಟ್ಟಿತು. ಯುದ್ಧ ಮುಗಿಯುವ ತನಕ ಬಾಳಿದರೆ ಸಾಕಿತ್ತು. ಆದರೆ 1943ರಲ್ಲಿ ಸೇವೆಗೆ ಸೇರಿದ ಈ ಹಡಗು ನಿವೃತ್ತಿಯಾಗಿದ್ದು 2018ರಲ್ಲಿ!

ಅದರ ಹೊಟ್ಟೆಯೊಳಗಿನ ಏರ್ಪಾಡು ನನಗೆ ತುಂಬಾ ಇಷ್ಟ. ಉಗಿ ಟರ್ಬೈನಿಗೆ ಬೇಕಾದ ದೊಡ್ಡ ಗೇರುಗಳು ಆಗ ಸಾಕಷ್ಟು ಸಿಗುತ್ತಿರಲಿಲ್ಲ. ಅವನ್ನು ತಯಾರಿಸುವುದು ನಿಧಾನದ, ನಾಜೂಕಿನ ಕೆಲಸ. ಹಾಗಾಗಿ ಇಲ್ಲಿ ನಾಲ್ಕು ಡೀಸೆಲ್ ಇಂಜಿನ್‌ಗಳು ಜನರೇಟರ್ ತಿರುಗಿಸುತ್ತವೆ. ಆ ವಿದ್ಯುತ್ತಿನಿಂದ ಮೋಟಾರ್ ಓಡಿ ಪ್ರೊಪೆಲ್ಲರ್ ತಿರುಗುತ್ತದೆ. ನಮ್ಮ ಡೀಸೆಲ್ ರೈಲು ಇಂಜಿನ್‌ಗಳು ಓಡುವುದೂ ಹೀಗೇ ಅಲ್ವಾ? ಒಂದು ಇಂಜಿನ್ ಕೆಟ್ಟರೂ ಉಳಿದವು ಹಡಗನ್ನು ಎಳೆಯುತ್ತವೆ.

1945ರ ಮೇ 5ರಂದು ಯು-853 ಎಂಬ ಜಲಾಂತರ್ಗಾಮಿ ಅಮೆರಿಕದ ರೋಡ್ ಐಲೆಂಡ್ ತೀರದ ಬಳಿ ಬ್ಲ್ಯಾಕ್ ಪಾಯಿಂಟ್ ಎಂಬ ಕಲ್ಲಿದ್ದಲು ಹಡಗನ್ನು ಮುಳುಗಿಸಿತು. 12 ಜನ ಸತ್ತರು. ದಾಳಿ ನಿಲ್ಲಿಸಿ ಎಂದು ಜರ್ಮನಿ ತನ್ನ ಜಲಾಂತರ್ಗಾಮಿಗಳಿಗೆ ಹಿಂದಿನ ದಿನವೇ ಆದೇಶ ಕಳಿಸಿತ್ತು. ಆ್ಯಥರ್ಟನ್ ಹುಡುಕಾಟಕ್ಕೆ ಇಳಿಯಿತು.

ಅದರ ಕಿವಿ ಎಂದರೆ ಸೋನಾರ್. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಕಳಿಸಿದ ಶಬ್ದ ಒಂದು ಸೆಕೆಂಡಿನಲ್ಲಿ ಮರಳಿದರೆ ಗುರಿ 750 ಮೀಟರ್ ದೂರದಲ್ಲಿದೆ ಎಂದರ್ಥ. ಆದರೆ ತೀರಾ ಹತ್ತಿರ ಹೋದರೆ ಜಲಾಂತರ್ಗಾಮಿ ಸೋನಾರ್‌ನ ಶಬ್ದ ಸಾಗುವ ದಾರಿಗಿಂತ ಕೆಳಗೆ ಉಳಿದು ತಪ್ಪಿಸಿಕೊಳ್ಳುತ್ತದೆ. ಹಡಗಿನ ಹಿಂದಿನಿಂದ ಬೀಳಿಸುವ ಡೆಪ್ತ್ ಚಾರ್ಜ್ ಎಂಬ ಬಾಂಬು ಗುರಿ ತಪ್ಪಿದರೂ ಸಿಡಿಯುತ್ತದೆ. ಆ ಗದ್ದಲದಲ್ಲಿ ಸೋನಾರ್‌ಗೆ ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ. ಇದಕ್ಕೆ ಬ್ರಿಟಿಷರು ಕಂಡುಕೊಂಡ ಉತ್ತರ ಹೆಜ್‌ಹಾಗ್. ಅದು ಹಡಗಿನ ಮುಂದಕ್ಕೆ 24 ಸಣ್ಣ ಬಾಂಬುಗಳನ್ನು ಎಸೆಯುತ್ತದೆ. ಅವು ಏನಕ್ಕಾದರೂ ತಗುಲಿದರೆ ಮಾತ್ರ ಸಿಡಿಯುತ್ತವೆ. ತಪ್ಪಿದರೆ ಸದ್ದಿಲ್ಲ, ಹುಡುಕಾಟ ಮುಂದುವರಿಯುತ್ತದೆ. ಆ್ಯಥರ್ಟನ್ ಎರಡನ್ನೂ ಬಳಸಿತು. ಮೋಬರ್ಲಿ ಎಂಬ ಹಡಗೂ ಜೊತೆಗಿತ್ತು. ಮೇ 6ರಂದು ಯು-853 ತನ್ನೊಳಗಿದ್ದ 55 ಜನರೊಂದಿಗೆ ನಾಶವಾಯಿತು. ಜರ್ಮನಿ ಶರಣಾಗಲು ಎರಡೇ ದಿನ ಬಾಕಿಯಿತ್ತು. ಅಷ್ಟು ಕಳೆದಿದ್ದರೆ ಅವರೆಲ್ಲ ಬದುಕುತ್ತಿದ್ದರು ಎಂಬುದು ಇವತ್ತಿಗೂ ನೋವಿನ ಸಂಗತಿ.

ಯುದ್ಧದ ನಂತರ ಹಡಗು ಫ್ಲೋರಿಡಾದಲ್ಲಿ ಸುಮಾರು ಹತ್ತು ವರ್ಷ ಸುಮ್ನೆ ನಿಂತಿತ್ತು. 1955ರಲ್ಲಿ ಜಪಾನಿಗೆ ಹೋಗಿ ಹತ್ಸುಹಿ ಆಯಿತು. ಹತ್ತು ವರ್ಷದ ಹಿಂದಿನ ಶತ್ರುವಿನ ಕೈಗೆ! 1975ರವರೆಗೂ ಅಲ್ಲಿ ದುಡಿಯಿತು. ಆಮೇಲೆ ದಕ್ಷಿಣ ಕೊರಿಯಾದಲ್ಲಿ ರಿಪೇರಿ ಮುಗಿಸಿಕೊಂಡು, 1980ರಲ್ಲಿ ಫಿಲಿಪೀನ್ಸ್ ನೌಕಾಪಡೆಗೆ ಸೇರಿತು. 1521ರಲ್ಲಿ ನಾವಿಕ ಮೆಗಲನ್‌ನನ್ನು ಬರಮಾಡಿಕೊಂಡ ಸೆಬುವಿನ ದೊರೆ ರಾಜಾ ಹುಮಾಬೊನ್‌ನ ಹೆಸರು ಅದಕ್ಕೆ ಬಂತು.

ಒಡಲು ಗಟ್ಟಿಯಾಗಿತ್ತು. ಸೋನಾರ್‌ನ ಕಥೆ ಬೇರೆ. ಬಿಡಿಭಾಗ ಸಿಗದೆ ಹಳೆಯದನ್ನು ತೆಗೆದುಹಾಕಬೇಕಾಯಿತು. ಜಲಾಂತರ್ಗಾಮಿ ಬೇಟೆಗೆಂದೇ ಹುಟ್ಟಿದ ಹಡಗು ಗಸ್ತಿನ ಕೆಲಸಕ್ಕೆ ನಿಂತಿತು. ಆದರೂ 2011ರವರೆಗೆ ಆ ನೌಕಾಪಡೆಯ ಪ್ರಮುಖ ನೌಕೆ ಅದೇ ಆಗಿತ್ತು. ಆ ಜಾಗಕ್ಕೆ ಬಂದ ಗ್ರೆಗೊರಿಯೊ ಡೆಲ್ ಪಿಲಾರ್ ಕೂಡ ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ 1967ರಿಂದ ದುಡಿದಿದ್ದ ಹಳೆಯ ಹಡಗೇ.